ಬೆನ್ನಿಲ್ಲದ ರವಿಕೆ

ಮುನಾ ತಿರುಗಿ ನೋಡುವುದಿಲ್ಲ.

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನನ್ನ ತಲೆಗೆ ಬರುವುದು ಇದೊಂದೇ ಮಾತು. ಅವಳನ್ನು ಚಾಪೆಯ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಚಮಚದಿಂದ ತಟ್ಟೆ ಬಡಿಯುತ್ತೇನೆ. ಅವಳು ತನ್ನ ಕಾಲ್ಬೆರಳು ಹಿಡಿದುಕೊಂಡು ಏನೋ ದೊಡ್ಡ ಲೆಕ್ಕ ಬಿಡಿಸುತ್ತಿರುವವಳ ಹಾಗೆ ಕೂತಿರುತ್ತಾಳೆ. ಒಮ್ಮೊಮ್ಮೆ ತಿರುಗುತ್ತಾಳೆ. ತಿರುಗಿದ್ದು ಸದ್ದಿಗೋ, ಗೋಡೆಯ ಮೇಲೆ ಸರಿದ ನನ್ನ ನೆರಳಿಗೋ ತಿಳಿಯುವುದಿಲ್ಲ. ಆಗ ನೆರಳು ಬೀಳದ ಕಡೆ ನಿಂತು ಮತ್ತೆ ಬಡಿಯುತ್ತೇನೆ. ತಿರುಗದೆ ಹೋದರೆ, ಆಟದಲ್ಲಿ ಮುಳುಗಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡು ತಟ್ಟೆ ತೊಳೆಯಲು ಹೋಗುತ್ತೇನೆ.

ಹುಟ್ಟಿದ ವಾರದಲ್ಲಿ ಅವಳಿಗೆ ಕಾಮಾಲೆ ಜೋರಾಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಮನೆಗೆ ಕಳಿಸುವಾಗ ನರ್ಸ್, "ಮೂರು ತಿಂಗಳಾದ್ಮೇಲೆ ಕಿವಿ ಪರೀಕ್ಷೆಗೆ ಕರ್ಕೊಂಡು ಬನ್ನಿ. ಮೊದಲೇ ಫೋನ್ ಮಾಡಿ ದಿನ ತಗೊಳ್ಳಿ. ಕಾಮಾಲೆ ಏರಿದ ಮಕ್ಕಳಿಗೆ ಕೆಲವು ಸಲ ಕಿವಿಗೆ ತೊಂದ್ರೆ ಆಗತ್ತೆ. ಬೇಗ ಗೊತ್ತಾದ್ರೆ ಮಿಷನ್ ಹಾಕಿ ಮಾತು ಕಲಿಸಬಹುದು, ತಡ ಆದ್ರೆ ಕಷ್ಟ" ಎಂದಿದ್ದಳು. ನಂಬರನ್ನು ಅಲ್ಲೇ ಫೋನಿಗೆ ಹಾಕಿಕೊಂಡಿದ್ದೆ. ಅದರ ಮೇಲೆ ಬೆರಳಿಟ್ಟು ತೆಗೆದದ್ದು ಎಷ್ಟು ಸಲವೋ. ಸೋಮವಾರ ಆಸ್ಪತ್ರೆಯಲ್ಲಿ ಜನ ಜಾಸ್ತಿ. ಶುಕ್ರವಾರ ಅವರಿಗೆ ಮನೆಗೆ ಹೋಗುವ ಆತುರ. ಮಳೆ ನಿಲ್ಲಲಿ, ರಸ್ತೆ ಸರಿಹೋಗಲಿ. ಹಲ್ಲು ಬರುತ್ತಿದೆ, ಜ್ವರ ಬಿಡಲಿ. ಫೋನ್ ಮಾಡುವ ತನಕ ಮುನಾ ಚೆನ್ನಾಗಿರುವ ಮಗು. ಮಾಡಿದ ಮೇಲೆ ಏನಾಗುತ್ತಾಳೋ.

ನನ್ನ ಗಂಡ ಉಜೋಮನಿಗೆ ಹೇಳಿದರೆ ನಗುತ್ತಾನೆ. ನಮ್ಮ ಆಬಾ ಊರಿನ ಮಾರುಕಟ್ಟೆಯಲ್ಲಿ ಅವನದು ಚಪ್ಪಲಿ ಹೊಲಿಯುವ ಅಂಗಡಿ. ದಿನವಿಡೀ ಸುತ್ತಿಗೆ ಸದ್ದಿನಲ್ಲಿದ್ದು ಅವನಿಗೇ ಅರ್ಧ ಕೇಳಿಸುವುದಿಲ್ಲ. "ನಮ್ಮಪ್ಪನೂ ಹಂಗೇ ಕಣೇ. ನಾಲ್ಕು ಸಲ ಕೂಗಿದ್ರೆ ಒಂದ್ಸಲ ತಿರುಗ್ತಿದ್ರು, ಅದೂ ಊಟಕ್ಕೆ ಕರೆದ್ರೆ ಮಾತ್ರ" ಎನ್ನುತ್ತಾನೆ. ವಠಾರದವರಿಗಂತೂ ಮುನಾ ಎಂದರೆ ಮೆಚ್ಚುಗೆ. ಕರೆಂಟು ಹೋದ ಕೂಡಲೇ ಮನೆಮನೆಯ ಜನರೇಟರುಗಳು ಒಟ್ಟಿಗೇ ಗುಡುಗುತ್ತವೆ, ಕಿಟಕಿಯ ಗಾಜು ನಡುಗುತ್ತದೆ, ಮುನಾ ಮಾತ್ರ ಮಗ್ಗುಲು ಕೂಡ ಬದಲಿಸುವುದಿಲ್ಲ. "ಪುಣ್ಯ ಮಾಡಿದ್ದೀಯ ಎರಿನ್ಮಾ. ಇಂಥ ಕೂಸು ಸಿಗೋದಾದ್ರೆ ನಾನು ಇನ್ನೂ ನಾಲ್ಕು ಹೆರ್ತಿದ್ದೆ" ಎಂದು ಯಾರಾದರೂ ಹೇಳಿದಾಗ ನಾನು ಮುನಾಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಆದರೆ ನಾನು ಬರೆಯಹೊರಟದ್ದು ನನ್ನ ಬಗ್ಗೆ ಅಲ್ಲ, ದಾ ಅಹುದಿಯಾ ಅವರ ಬಗ್ಗೆ.

ನಮ್ಮ ವಠಾರದ ಬಾಗಿಲಿಗೆ ಅಂಟಿಕೊಂಡೇ ಅವರ ಹೊಲಿಗೆ ಅಂಗಡಿ ಇದೆ. ಅಹುದಿಯಾ ಅವರ ಹೆಸರು. ನಮಗೆಲ್ಲ ದೊಡ್ಡಮ್ಮನ ವಯಸ್ಸಿನವರಾದ್ದರಿಂದ ಎಲ್ಲರ ಬಾಯಲ್ಲೂ ದಾ ಅಹುದಿಯಾ. ಗಿಡ್ಡ ಆಳು, ಅಗಲ ಭುಜ, ಕೊರಳಲ್ಲಿ ಸದಾ ಅಳತೆಯ ಟೇಪು. ಒಮ್ಮೆ ಅದನ್ನು ತೆಗೆಯುವುದು ಮರೆತು ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿಂತಿದ್ದರಂತೆ. ಪಾದ್ರಿಗಳು ಪ್ರಸಾದ ಕೊಡುವಾಗ, "ದಾ, ನನ್ನ ನಿಲುವಂಗಿ ಏನಾಯ್ತು?" ಎಂದು ಕಿವಿಯಲ್ಲಿ ಕೇಳಿದರಂತೆ. ದಾ ಕಣ್ಣು ಮುಚ್ಚಿಕೊಂಡೇ "ನಾಳೆ, ಫಾದರ್" ಅಂದರಂತೆ. ಈ ಕತೆಯನ್ನು ಹೇಳಿ ನಗುವವರಲ್ಲಿ ದಾ ಅವರೇ ಮೊದಲಿಗರು.

ನಾನು ಪೋರ್ಟ್ ಹಾರ್ಕೋರ್ಟಿನಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ಅವರ ಒಂದು ನಡವಳಿಕೆ ವಿಚಿತ್ರವೆನಿಸಿತ್ತು. ಬೆಳಗ್ಗೆ ಅಂಗಡಿಯ ಬಾಗಿಲು ತೆರೆದವರು ಕೂರುವುದಿಲ್ಲ, ಕುಡಿಯುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ರಾಶಿಯಿಂದ ಒಂದು ಬಟ್ಟೆ ಎಳೆದು ಮೇಜಿನ ಮೇಲೆ ಹಾಸುತ್ತಾರೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ದೊಡ್ಡ ಕಬ್ಬಿಣದ ಕತ್ತರಿ ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಒಂದು ಗೇಣಿನಷ್ಟು ಕತ್ತರಿಸುತ್ತಾರೆ. ಅಷ್ಟೇ. ಆಮೇಲೆ ಹೊರಗೆ ಬಂದು, ರಸ್ತೆಬದಿಯಲ್ಲಿ ಆಕಾರಾ, ಅಂದರೆ ಅಲಸಂದೆ ವಡೆ, ಕರಿಯುವ ಓಗೆರಿಯ ಮುಂದೆ ಕೈ ಚಾಚುತ್ತಾರೆ.

ಓಗೆರಿ ಸುಮ್ಮನೆ ಕೊಡುವವಳಲ್ಲ. ಎಣ್ಣೆಯಲ್ಲಿ ವಡೆ ತಿರುವುತ್ತಲೇ, "ದಾ, ಕತ್ತರಿ ಆಯ್ತಾ?" ಎನ್ನುತ್ತಾಳೆ.

"ಆಯ್ತು ಮಾರಾಯ್ತಿ, ಹಾಕು."

"ಯಾರ ಬಟ್ಟೆ?"

"ಆ ಸೊಂಟ ಇಲ್ಲದ ಹುಡುಗೀದು. ಮದುವೆಗೆ ತಂದ ಲೇಸ್ ಬಟ್ಟೆ."

"ನೋಡ್ತೀನಿ ತಾಳಿ."

"ಎಣ್ಣೆ ಕೈಲಿ ಮುಟ್ಟಿದ್ರೆ ಬೆರಳು ಕತ್ತರಿಸ್ತೀನಿ. ಅಲ್ಲಿಂದ್ಲೇ ನೋಡು."

ಓಗೆರಿ ಕತ್ತು ಉದ್ದ ಮಾಡಿ ಮೇಜಿನ ಕಡೆ ನೋಡಿ, ಕತ್ತರಿಯ ಬಾಯಿ ಬಟ್ಟೆಯೊಳಗೆ ಇಳಿದಿರುವುದು ಖಾತ್ರಿಯಾದ ಮೇಲೆ ಬಿಸಿ ಆಕಾರಾ ಕಟ್ಟಿಕೊಡುತ್ತಾಳೆ. ಇಬ್ಬರ ನಡುವೆ ಹಳೇ ತಮಾಷೆ ಇರಬೇಕು ಎಂದುಕೊಂಡಿದ್ದೆ. ಒಂದು ಬೆಳಗ್ಗೆ ದಾ ಬಟ್ಟೆಯ ಬದಲು ಹಳೇ ಪೇಪರು ಕತ್ತರಿಸಿಟ್ಟು ಬಂದು ಸಿಕ್ಕಿಬಿದ್ದಿದ್ದೂ ನೋಡಿದ್ದೇನೆ. "ಇದು ಪೇಪರು. ವಡೆಗೂ ಪೇಪರೇ ತಿನ್ನಿ" ಎಂದು ಓಗೆರಿ ಬರೀ ಪೇಪರನ್ನು ಪೊಟ್ಟಣ ಕಟ್ಟಿ ಕೊಟ್ಟಳು. ದಾ ಗೊಣಗುತ್ತಾ ಒಳಗೆ ಹೋದರು.

ಅಂಗಡಿಯಲ್ಲಿ ಇನ್ನೊಂದು ವಸ್ತುವಿದೆ. ಮಿಷನ್ನಿನ ಮೇಲುಗಡೆ, ಗೋಡೆಯ ಮೊಳೆಗೆ, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಒಂದು ತುಂಡು ಬಟ್ಟೆ. ಕೆಂಪು ನೆಲ, ಕಪ್ಪು ಹಳದಿ ಎಳೆ, ಮಗ್ಗದಲ್ಲಿ ನೇಯ್ದದ್ದು. ಗಿರಾಕಿಗಳಿಗೆ ತೋರಿಸಲು ಇಟ್ಟ ಮಾದರಿ ಇರಬಹುದೆಂದು ಭಾವಿಸಿದ್ದೆ. ಎಷ್ಟು ಬಟ್ಟೆ ಬಂದು ಹೋದರೂ ಅದು ಮಾತ್ರ ಅಲ್ಲೇ ಇರುತ್ತಿತ್ತು.

ಮುನಾಳನ್ನು ಚರ್ಚಿನಲ್ಲಿ ದೇವರಿಗೆ ಒಪ್ಪಿಸುವ ದಿನಕ್ಕೆ ಬಿಳಿ ಅಂಗಿ ಹೊಲಿಸಬೇಕಿತ್ತು. ಅಳತೆ ಕೊಡಲು ಅವಳನ್ನು ಎತ್ತಿಕೊಂಡು ಹೋಗಿ ಅಂಗಡಿಯ ಚಾಪೆಯ ಮೇಲೆ ಬಿಟ್ಟೆ. ಅವಳು ಒಂದು ಖಾಲಿ ಬಾಬಿನ್ ಹಿಡಿದು ಒಸಡಿನಿಂದ ಕಡಿಯತೊಡಗಿದಳು. ದಾ ಮೇಜಿನಿಂದ ಬಟ್ಟೆ ಎಳೆದರು, ಬಟ್ಟೆಯ ಜೊತೆ ಕತ್ತರಿಯೂ ಜಾರಿತು. ಇಸ್ತ್ರಿ ಪೆಟ್ಟಿಗೆ ಇಡುವ ತಗಡಿನ ಮೇಲೆ, ಸರಿಯಾಗಿ ಮುನಾಳ ಬೆನ್ನ ಹಿಂದೆ ಬಿತ್ತು. ನಾನು ಚೀರಿದೆ. ಹೊರಗೆ ಓಗೆರಿಯ ಸೌಟು ಎಣ್ಣೆಗೆ ಬಿತ್ತು. ಬಾಗಿಲಲ್ಲಿ ಮಲಗಿದ್ದ ನಾಯಿ ರಸ್ತೆಯ ಆಚೆಗೆ ಓಡಿತು.

ಮುನಾ ಬಾಬಿನ್ ಕಡಿಯುತ್ತಲೇ ಇದ್ದಳು.

"ಅವಳಿಗೆ ಅಭ್ಯಾಸ ಆಗ್ಬಿಟ್ಟಿದೆ ದಾ. ಜನರೇಟರ್ ಸದ್ದಲ್ಲೇ ಬೆಳೆದಿದ್ದಾಳಲ್ಲ" ಎಂದೆ. ಯಾರೂ ಏನೂ ಕೇಳಿರಲಿಲ್ಲ.

ದಾ ಕತ್ತರಿ ಎತ್ತಿ ಅದರ ಮೊನೆ ನೋಡಿ ಮೇಜಿನ ಮೇಲಿಟ್ಟರು. "ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸ್ಬೇಕು. ಫೋನ್ ಮಾಡ್ಬೇಕು ಅಂತಿದೀನಿ. ಈ ಮಳೆ ಒಂದು ಕಮ್ಮಿ ಆಗ್ಲಿ."

"ಫೋನ್ ಮಾಡೋಕೆ ಛತ್ರಿ ಬೇಕಾ?"

ನನಗೆ ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು. "ನಿಮಗೇನು ದಾ, ಸುಲಭವಾಗಿ ಹೇಳ್ತೀರ. ಅವರು ಏನಾದ್ರೂ ಅಂದ್ಬಿಟ್ರೆ? ಆಮೇಲೆ ಅದನ್ನ ವಾಪಸ್ ತಗೊಳೋಕಾಗತ್ತಾ?"

ಅವರು ನನ್ನನ್ನೇ ನೋಡಿದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಸ್ಟೂಲು ಹತ್ತಿ ಮೊಳೆಯಿಂದ ಆ ಪ್ಲಾಸ್ಟಿಕ್ ಚೀಲ ಇಳಿಸಿ ನನ್ನ ತೊಡೆಯ ಮೇಲಿಟ್ಟರು.

"ಬಿಚ್ಚು" ಎಂದರು. "ಇದು ನಮ್ಮಮ್ಮನ ಬೆನ್ನು."

ದಾ ಅಹುದಿಯಾ ಹುಟ್ಟಿದ್ದು ಅಕ್ವೆಟೆಯಲ್ಲಿ. ಆ ಊರಿನ ಹೆಂಗಸರು ಮಗ್ಗದ ಮುಂದೆ ಹುಟ್ಟಿ ಮಗ್ಗದ ಮುಂದೆ ಮುದುಕಿಯರಾಗುವವರು. ಅವರ ತಾಯಿ ನ್ವಾನ್ಯಿನ್ನಾ ಅಂಥ ನೇಕಾರ್ತಿ. ಪ್ರತಿಯೊಬ್ಬಳಿಗೂ ಅವಳದೇ ಒಂದು ಚಿತ್ತಾರ ಇರುತ್ತದೆ, ಒಬ್ಬಳದನ್ನು ಇನ್ನೊಬ್ಬಳು ಕದಿಯುವುದಿಲ್ಲ. ನ್ವಾನ್ಯಿನ್ನಾ ಅವರದು ಮೀನಿನ ಬಲೆಯ ಕಣ್ಣಿನಂಥ ಚಿತ್ತಾರ. ಮಗಳು ಮಗ್ಗ ಬಿಟ್ಟು ಹೊಲಿಗೆ ಕಲಿಯಲು ಆಬಾಕ್ಕೆ ಹೊರಟಾಗ ತಾಯಿ, "ನಾನು ಕೂಡಿಸಿದ್ದನ್ನ ನೀನು ಕತ್ತರಿಸೋಕೆ ಹೋಗ್ತೀಯ. ಹೋಗು, ಊಟ ಅಂತೂ ಸಿಗತ್ತೆ" ಎಂದಿದ್ದರಂತೆ.

ಊಟ ಸಿಕ್ಕಿತು. ದಾ ಅವರ ಕೈ ಚೆನ್ನಾಗಿತ್ತು, ಮಾತು ಮಾತ್ರ ನೆಚ್ಚುವಂಥದ್ದಲ್ಲ. ಗಿರಾಕಿಗಳು ಅಂಗಡಿಯ ಮುಂದೆ ನಿಂತು ಕೂಗಾಡಿದರೆ ಬಟ್ಟೆ ಹೊಲಿಗೆಗೆ ಬರುತ್ತಿತ್ತು. ಕೂಗಾಡದವರ ಬಟ್ಟೆ ರಾಶಿಯ ಅಡಿಗೆ ಇಳಿಯುತ್ತಿತ್ತು. ಎಲ್ಲಕ್ಕಿಂತ ಮುಂದೆ ಸಾವಿನ ಬಟ್ಟೆ. ನಮ್ಮ ಕಡೆ ಸತ್ತವರಿಗೆ ದಿನ ಗೊತ್ತು ಮಾಡಿರುತ್ತಾರೆ. ಹೆಣ ಶೈತ್ಯಾಗಾರದಲ್ಲಿರುತ್ತದೆ, ಶುಕ್ರವಾರ ಮಣ್ಣು, ಅಷ್ಟರಲ್ಲಿ ಸೊಸೆಯಂದಿರಿಗೆ, ಓರಗಿತ್ತಿಯರಿಗೆ, ಚರ್ಚಿನ ಸಂಘದವರಿಗೆಲ್ಲ ಒಂದೇ ಥರದ ಬಟ್ಟೆ ಆಗಲೇಬೇಕು. ಬದುಕಿರುವವರಿಗೆ ಅಂಥ ಗಡುವು ಇರುವುದಿಲ್ಲ.

ವಯಸ್ಸಾಗಿ ಕಣ್ಣು ಮಂಜಾದಾಗ ನ್ವಾನ್ಯಿನ್ನಾ ಕೊನೆಯದಾಗಿ ಒಂದು ಬಟ್ಟೆ ನೇಯ್ದರು. ಸೊಂಟಕ್ಕೆ ಸುತ್ತಲು ಎರಡು, ರವಿಕೆಗೆ ಒಂದು. ಜೀವಮಾನವೆಲ್ಲ ಮಾರಾಟಕ್ಕೆ ನೇಯ್ದವರು ತಮಗೆಂದು ನೇಯ್ದದ್ದು ಅದೊಂದೇ. ಅದಾದ ಮೇಲೆ ಮಗ್ಗವನ್ನು ಗೋಡೆಗೆ ಒರಗಿಸಿದರು. ರವಿಕೆಯ ತುಂಡನ್ನು ಬಸ್ಸಿನಲ್ಲಿ ತಾವೇ ತಂದು ಮಗಳ ಮೇಜಿನ ಮೇಲಿಟ್ಟರು. ಆಗಸ್ಟಿನಲ್ಲಿ ನಮ್ಮ ಹೆಂಗಸರು ಎಲ್ಲೆಲ್ಲಿಂದಲೋ ಊರಿಗೆ ಸೇರಿ ಸಭೆ ನಡೆಸುತ್ತಾರಲ್ಲ, ಅದಕ್ಕೆ ಅದನ್ನು ಉಟ್ಟುಕೊಂಡು ಹೋಗಬೇಕೆಂಬ ಆಸೆ.

"ಅಳತೆ ತಗೋ" ಎಂದರು ತಾಯಿ.

"ಇವತ್ತು ಬೇಡಮ್ಮ, ತಲೆ ಕೆಟ್ಟಿದೆ. ಒಂದು ಸಾವಿನ ಬಟ್ಟೆ ಇದೆ. ಇನ್ನೊಂದ್ಸಲ ಬಂದಾಗ ತಗೋತೀನಿ."

"ಆಯ್ತು ಬಿಡು. ಆತುರ ಏನಿದೆ."

ಆ ಆಗಸ್ಟ್ ಹೋಯಿತು. ಮುಂದಿನದೂ ಹೋಯಿತು. ತಾಯಿ ಹಳೇ ಬಟ್ಟೆಯಲ್ಲೇ ಸಭೆಗೆ ಹೋಗಿ ಬಂದರು. ಯಾರಾದರೂ ಕೇಳಿದರೆ, "ಮಗಳು ದೊಡ್ಡ ಟೈಲರ್ ಅಲ್ವಾ, ನನ್ನ ಸರದಿ ಇನ್ನೂ ಬಂದಿಲ್ಲ" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರಂತೆ. ಒಮ್ಮೆ ಅಂಗಡಿಗೆ ಬಂದಾಗ ಸಾವಿನ ಬಟ್ಟೆಗಳ ರಾಶಿ ನೋಡಿ ನಕ್ಕು, "ನಿನ್ನ ಹತ್ರ ಬೇಗ ಬಟ್ಟೆ ಬೇಕಂದ್ರೆ ಮನೇಲಿ ಯಾರಾದ್ರೂ ಸಾಯ್ಬೇಕು ಅನ್ನು" ಎಂದರು. ಮಗಳೂ ನಕ್ಕಳು. ಬಾಳೆಹಣ್ಣು, ಕಡಲೆಕಾಯಿ ತಿನ್ನಿಸಿ ಬಸ್ಸು ಹತ್ತಿಸಿದಳು.

"ಪುರುಸೊತ್ತು ಇರಲಿಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ" ಎಂದರು ದಾ. ಅವರ ಬೆರಳುಗಳು ನನ್ನ ತೊಡೆಯ ಮೇಲಿದ್ದ ಬಟ್ಟೆಯ ಅಂಚನ್ನು ಸವರುತ್ತಿದ್ದವು. "ಸುಳ್ಳು. ಪುರುಸೊತ್ತಿದ್ದ ದಿನ ಅದನ್ನ ತೆಗೆದು ಹಾಸ್ತಿದ್ದೆ. ಈ ಬಲೆ ಕಣ್ಣು ನೋಡು. ಎದೆ ಮೇಲೆ ಗುಂಡಿ ಪಟ್ಟೀಲಿ ಈ ಕಡೆ ಅರ್ಧ, ಆ ಕಡೆ ಅರ್ಧ ಸೇರ್ಬೇಕು. ಹೆಗಲಲ್ಲೂ ಸೇರ್ಬೇಕು. ಒಂದು ಎಳೆ ಆಚೆ ಈಚೆ ಆದ್ರೆ ಹಾಳು. ಇನ್ನೊಂದು ನೇಯೋಕೆ ಅಮ್ಮಂಗೆ ಕಣ್ಣಿಲ್ಲ. ಕತ್ತರಿ ಎತ್ತಿಕೊಳ್ತಿದ್ದೆ, ಕೈ ಬೆವರ್ತಿತ್ತು, ಮಡಚಿ ಇಡ್ತಿದ್ದೆ. ಕತ್ತರಿಸದೆ ಇದ್ರೆ ಹಾಳಾಗಲ್ಲ ಅಲ್ವಾ. ಯಾರೋ ಹೊರಗಿನಿಂದ ಬಯ್ಯೋದು ಕೇಳಿಸಿದ್ರೆ ಒಳ್ಳೇದೇ ಆಯ್ತು ಅಂತ ಅವರ ಬಟ್ಟೆ ತಗೋತಿದ್ದೆ."

ಒಂದು ಜುಲೈಯಲ್ಲಿ, ಸಭೆಗೆ ಸ್ವಲ್ಪವೇ ಮುಂಚೆ, ನ್ವಾನ್ಯಿನ್ನಾ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಮನೆಯವರೆಲ್ಲ ಸೇರಿ ಆಗಸ್ಟಿನ ಮೊದಲ ಶುಕ್ರವಾರ ಮಣ್ಣು ಎಂದು ಗೊತ್ತು ಮಾಡಿದರು. ಸತ್ತವರಿಗೆ ಅವರದೇ ಬಟ್ಟೆ ಉಡಿಸಿ ಜನ ನೋಡುವಂತೆ ಮಲಗಿಸಬೇಕು. ನ್ವಾನ್ಯಿನ್ನಾ ಅವರಿಗೆ ಬೇರೆ ಯಾವುದು ಉಡಿಸುವುದು? ಎಲ್ಲರೂ ಅಹುದಿಯಾ ಕಡೆ ನೋಡಿದರು. "ಅಕ್ಕಾ, ಈಗಲಾದ್ರೂ ಆಗತ್ತಾ, ಇಲ್ಲ ಮುಂದಿನ ಆಗಸ್ಟಿಗಾ?" ಎಂದು ಅವರ ತಮ್ಮ ಕೇಳಿಬಿಟ್ಟ.

ದಾ ಟೇಪು ತೆಗೆದುಕೊಂಡು ಶೈತ್ಯಾಗಾರಕ್ಕೆ ಹೋದರು. ಹಳೇ ರವಿಕೆಯ ಅಳತೆ ಸಾಲುತ್ತಿತ್ತು, ಆದರೂ ಹೋದರು. ದಾ ಅಂದುಕೊಂಡಿದ್ದಕ್ಕಿಂತ ತಾಯಿ ಎಷ್ಟೋ ಸಣ್ಣಗಾಗಿದ್ದರು; ಈ ಇಳಿತವೆಲ್ಲ ಯಾವಾಗ ಆಯಿತೆಂಬುದು ಗೊತ್ತೇ ಆಗಿರಲಿಲ್ಲ. ಎದೆಯ ಅಳತೆ, ಹೆಗಲಿನ ಅಳತೆ, ಮುಂಗೈಯ ಅಳತೆ ತೆಗೆದುಕೊಂಡರು. ಬೆನ್ನಿಗೆ ಟೇಪು ಹಿಡಿಯಬೇಕೆಂದಾಗ ಅಲ್ಲಿನ ಕೆಲಸದವನು, "ಎತ್ತೋಕಾಗಲ್ಲಮ್ಮ, ಸೆಟೆದಿದೆ. ಬೆನ್ನು ಯಾಕೆ? ಮುಂಭಾಗ ಹೊಲಿದು ಹಿಂದೆ ದಾರ ಕಟ್ಟಿದ್ರಾಯ್ತು" ಎಂದ. ಅವನು ಹೇಳಬೇಕಾಗಿರಲಿಲ್ಲ. ದಾ ಅವರೇ ಎಷ್ಟೋ ಮನೆಗಳವರಿಗೆ ಹಾಗೆ ಹೊಲಿದುಕೊಟ್ಟಿದ್ದರು. ಬೆನ್ನಿಗೆ ಬಟ್ಟೆ ದಂಡ ಎಂದು ತಾವೇ ಬುದ್ಧಿ ಹೇಳಿದ್ದರು.

"ಅಂಗಡಿಗೆ ಬಂದು ಹಾಸಿದೆ. ಕತ್ತರಿ ಹಾಕಿದೆ. ಕೈ ನಡುಗಲಿಲ್ಲ ಕಣೇ, ಅದೇ ನನಗೆ ಇವತ್ತಿಗೂ ತಡೆಯೋಕಾಗಲ್ಲ. ಇನ್ನು ಹಾಳಾದ್ರೂ ಕೇಳೋರ್ಯಾರು. ಊಟದ ಹೊತ್ತಿಗೆ ಶುರು ಮಾಡಿದ್ದು, ದೀಪ ಹಚ್ಚೋ ಹೊತ್ತಿಗೆ ಗುಂಡಿ ಹಾಕಿ ಮುಗಿಸಿದೆ. ಬಲೆ ಕಣ್ಣು ಎದೆ ಮೇಲೆ ಸರಿಯಾಗಿ ಸೇರಿತು. ಹೆಗಲಲ್ಲೂ ಸೇರಿತು. ಒಂದು ಮಧ್ಯಾಹ್ನದ ಕೆಲಸ." ಅವರು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಶುಕ್ರವಾರ ಬಂದೋರೆಲ್ಲ, ಎಷ್ಟು ಚೆನ್ನಾಗಿ ಹೊಲಿದಿದೀಯ ಅಹುದಿಯಾ ಅಂದ್ರು. ಆಗಸ್ಟ್ ಸಭೆಗೆ ಅಂತ ಬೇರೆ ಬೇರೆ ಊರಿಂದ ಬಂದಿದ್ದ ಹೆಂಗಸರೆಲ್ಲ ಹಾಗೇ ಸಾವಿಗೂ ಬಂದಿದ್ರು. ಎಲ್ಲರೂ ನೋಡಿದ್ರು. ಅವಳು ಆಸೆಪಟ್ಟಿದ್ದೂ ಅದನ್ನೇ, ಅವರೆಲ್ಲ ನೋಡ್ಲಿ ಅಂತ."

ಆ ರವಿಕೆಗೆ ಹಾಕದೆ ಉಳಿದ ಬೆನ್ನಿನ ತುಂಡು ನನ್ನ ತೊಡೆಯ ಮೇಲಿತ್ತು. ಕತ್ತರಿಸಿದ ಅಂಚು ಬಿಚ್ಚಿಹೋಗದಂತೆ ಸುತ್ತಲೂ ಸಣ್ಣ ಕೈಹೊಲಿಗೆ ಹಾಕಿದ್ದರು. ಮುನಾ ಅಂಬೆಗಾಲಿಟ್ಟು ಬಂದು ಅದರ ಮೂಲೆಯನ್ನು ಬಾಯಿಗಿಟ್ಟುಕೊಂಡಳು. ನಾನು ಎಳೆದುಕೊಳ್ಳಲು ಹೋದೆ. "ಇರಲಿ ಬಿಡು, ಕೂಸು" ಎಂದರು ದಾ.

ತಾಯಿಯ ಸಾವಿನ ನಂತರ ಅವರು ಒಂದೇ ದಿನಕ್ಕೆ ಬದಲಾದರೆಂದು ಬರೆದರೆ ಅದು ಸುಳ್ಳಾಗುತ್ತದೆ. ಬಹಳ ದಿನ ಅಂಗಡಿಯ ಬಾಗಿಲೇ ತೆರೆಯಲಿಲ್ಲ. ಆಮೇಲೆ ಚರ್ಚಿನಲ್ಲಿ ಮಂಡಿಯೂರಿ ಇನ್ನು ಯಾರಿಗೂ ನಾಳೆ ಎನ್ನುವುದಿಲ್ಲವೆಂದು ಹರಕೆ ಹೊತ್ತರು. ಅದೇ ವಾರ ನಾಲ್ಕು ಜನರಿಗೆ ನಾಳೆ ಎಂದರು. "ಹೇಳಿದ ದಿನಕ್ಕೆ ಬಟ್ಟೆ" ಎಂದು ಬೋರ್ಡು ಬರೆಸಲು ಕೊಟ್ಟರು. ಬೋರ್ಡು ಬರೆಯುವವನು ಅವರನ್ನೇ ತಿಂಗಳುಗಟ್ಟಲೆ ನಾಳೆ ನಾಳೆ ಎಂದು ಓಡಾಡಿಸಿದ. ಬಂದ ಮೇಲೆ ಅದನ್ನು ನೋಡಿ ನಕ್ಕವರೇ ಹೆಚ್ಚು. ಈಗ ಅದು ಓಗೆರಿಯ ಒಲೆಗೆ ಗಾಳಿ ತಡೆಯುತ್ತಿದೆ.

ಕೊನೆಗೆ ಕೈಹಿಡಿದದ್ದು ಬೆಳಗಿನ ಆ ಒಂದು ಗೇಣು. ಇಡೀ ಅಂಗಿ ಹೊಲಿಯಬೇಕೆಂದು ಎದ್ದರೆ ಏಳುವುದಕ್ಕೇ ಮನಸ್ಸಾಗುತ್ತಿರಲಿಲ್ಲವಂತೆ. ಆದ್ದರಿಂದ, ಯಾವ ಬಟ್ಟೆಗೆ ಹೆಚ್ಚು ಹೆದರಿಕೆಯೋ ಅದನ್ನು ತೆಗೆಯುವುದು, ಒಂದು ಗೇಣು ಕತ್ತರಿಸುವುದು, ಬಿಟ್ಟು ಬರುವುದು. "ಕತ್ತರಿ ಬಿದ್ದ ಬಟ್ಟೆ ಸುಮ್ನಿರಲ್ಲ. ಅರ್ಧ ಹೇಳಿದ ಮಾತಿನ ಹಾಗೆ. ಮಧ್ಯಾಹ್ನದೊಳಗೆ ತಾನೇ ಕರೆಯತ್ತೆ." ಆದರೂ ಒಬ್ಬರೇ ಇದ್ದರೆ ಜಾರಿಕೊಳ್ಳುತ್ತೇನೆಂದು ತಿಳಿದು, ಆಕಾರಾ ಇಲ್ಲದೆ ಬೆಳಗಾಗದ ತಮ್ಮ ನಾಲಿಗೆಯನ್ನು ಓಗೆರಿಯ ಕೈಗೆ ಒಪ್ಪಿಸಿದರು. ಕತ್ತರಿ ಆಗದೆ ಕೊಡಬೇಡ, ನಾನು ಕೇಳಿದರೂ ಕೊಡಬೇಡ, ಬೈದರೂ ಕೊಡಬೇಡ. ಓಗೆರಿಗೆ ಬೈಸಿಕೊಳ್ಳುವುದು ಹೊಸದಲ್ಲ.

"ಈಗ ಹೆದರಿಕೆ ಹೋಯ್ತಾ ದಾ?" ಎಂದು ಕೇಳಿದೆ.

"ಎಲ್ಲಿ ಹೋಗತ್ತೆ? ಈಗ್ಲೂ ಕೈ ಬೆವರತ್ತೆ. ಆದ್ರೆ ಹೊಟ್ಟೆ ಹಸಿದಿರತ್ತಲ್ಲ, ಅದು ಕತ್ತರಿಸತ್ತೆ."

ಅವರ ಅಂಗಡಿಯ ಮಾಡು ಈಗಲೂ ಸೋರುತ್ತದೆ, ಬಕೆಟ್ಟು ಇಟ್ಟು ವರ್ಷಗಳಾದವು. ಒಂದು ಹಲ್ಲು ನೋಯುತ್ತದೆ, ಮುಂದಿನ ತಿಂಗಳು ಕೀಳಿಸುತ್ತೇನೆ ಎನ್ನುತ್ತಾರೆ. ಸಾವಿನ ಬಟ್ಟೆಗಳು ಬರುತ್ತಲೇ ಇರುತ್ತವೆ, ಅವರು ಹೊಲಿದುಕೊಡುತ್ತಲೇ ಇರುತ್ತಾರೆ. ಆದರೆ ಯಾರಾದರೂ ಮುದುಕಿ ಬಟ್ಟೆ ತಂದು "ಆತುರ ಏನಿಲ್ಲ" ಎಂದರೆ, ಆಕೆಯನ್ನು ಬಾಗಿಲು ದಾಟಲು ಬಿಡುವುದಿಲ್ಲ. ಅಲ್ಲೇ ನಿಲ್ಲಿಸಿ, ಬೆನ್ನು ತಿರುಗಿಸಿ, ಮೊದಲು ಬೆನ್ನಿನ ಅಳತೆ ತೆಗೆದುಕೊಳ್ಳುತ್ತಾರೆ. ಗಿರಾಕಿಗಳು ಅದನ್ನು ಅವರ ಒಂದು ಚಾಳಿ ಎಂದುಕೊಂಡಿದ್ದಾರೆ.

ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿ ಕೊಟ್ಟೆ. ಅವರು ಮುನಾಳ ವಿಷಯ ಮತ್ತೆ ಎತ್ತಲಿಲ್ಲ. ಅವಳ ಅಂಗಿಗೆ ಅಳತೆ ತೆಗೆದರು, ಬೆನ್ನಿನಿಂದ ಶುರು ಮಾಡಿ.

ಮರುದಿನ ಬೆಳಗ್ಗೆ ಮುನಾಗೆ ಅಕಾಮು ಗಂಜಿ ಕಾಯಿಸುವ ಮೊದಲು, ನಾನೂ ಏನೂ ಬಾಯಿಗೆ ಹಾಕದೆ, ಅವಳನ್ನು ಸೊಂಟಕ್ಕೇರಿಸಿಕೊಂಡು ಫೋನು ಹಿಡಿದು ಅಂಗಡಿಗೆ ಹೋದೆ. ಆಸ್ಪತ್ರೆ ತೆರೆಯುವ ಹೊತ್ತಾಗಿತ್ತು. ಮಳೆ ಸುರಿಯುತ್ತಿತ್ತು. ದಾ ಮೇಜಿನ ಮುಂದೆ ಕತ್ತರಿ ಹಿಡಿದು ನಿಂತಿದ್ದರು, ನನ್ನನ್ನು ನೋಡಿ ಸ್ಟೂಲು ಈಚೆಗೆ ಎಳೆದರು.

ಹೊರಗೆ ಟಾರ್ಪಾಲಿನ ಕೆಳಗಿಂದ ಓಗೆರಿ, "ಇವತ್ತು ಯಾರದು ಮೊದಲು?" ಎಂದಳು.

"ಅವಳದು" ಎಂದರು ದಾ.

"ಹಾಗಾದ್ರೆ ಕೇಳಿಸ್ಕೋ ಎರಿನ್ಮಾ. ಫೋನ್ ಆಗೋತನಕ ನಿನಗೂ ಆಕಾರಾ ಇಲ್ಲ, ಇವರಿಗೂ ಇಲ್ಲ. ವಡೆ ಆರಿದ್ರೆ ಪಾಪ ನಿನಗೇ."

ನಂಬರು ಒತ್ತಿದೆ. ಆ ಕಡೆ ಗಂಟೆ ಬಾರಿಸಿತು, ಬಾರಿಸಿತು, ನಿಂತು ಹೋಯಿತು. ಎತ್ತಲಿಲ್ಲ. ನನಗೆ ಉಸಿರು ಸಲೀಸಾಯಿತು. "ಎತ್ತಲಿಲ್ಲ ದಾ. ನಾಳೆ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ದಾ ನನ್ನ ಕಡೆ ನೋಡಲೂ ಇಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಓಗೆರಿ ಸೌಟಿನಿಂದ ಎಣ್ಣೆ ಸೋಸುತ್ತಿದ್ದಳು. ಮತ್ತೆ ಒತ್ತಿದೆ.

"ಹಲೋ, ಮಕ್ಕಳ ಕಿವಿ ವಿಭಾಗ. ಹೇಳಿ."

ಹೆಸರು ಹೇಳಿದೆ. ಮುನಾಳ ಹೆಸರು ಹೇಳಿದೆ. ಕಾಮಾಲೆ, ನೀಲಿ ದೀಪ, ತಗಡಿನ ಮೇಲೆ ಬಿದ್ದ ಕತ್ತರಿ, ಎಲ್ಲವನ್ನೂ ಹಿಂದು ಮುಂದಾಗಿ ಹೇಳಿದೆ. ನನ್ನ ಹಿಂದೆ ದಾ ಅವರ ಕತ್ತರಿ ಬಟ್ಟೆಗೆ ಇಳಿದ ಸದ್ದು ಕೇಳಿಸಿತು.

"ಮಗುಗೆ ಈಗ ಎಷ್ಟು ತಿಂಗಳಮ್ಮ?"

"ಒಂಬತ್ತು ತುಂಬಿತು."

ಆ ಕಡೆ ಪುಟ ಮಗುಚಿದ ಸದ್ದು. "ಮೂರನೇ ತಿಂಗಳಿಗೇ ಬರೋಕೆ ಹೇಳಿರ್ತೀವಲ್ಲ."

ಮುನಾ ನನ್ನ ತೊಡೆಯ ಮೇಲೆ ಕೂತು ಮುಖವೆತ್ತಿ ನೋಡುತ್ತಿದ್ದಳು. ಫೋನನ್ನಲ್ಲ, ನನ್ನ ತುಟಿಗಳನ್ನು.

"ಹೇಳಿದ್ರಿ" ಎಂದೆ. "ನಾನೇ ತಡ ಮಾಡಿದೆ. ಯಾವತ್ತು ಕರ್ಕೊಂಡು ಬರ್ಲಿ?"